ಟರ್ಕಿಯ ಊಟಕ್ಕೆ ಯಾವ ಅಂಗಡಿಯ ಮೆಟ್ಟಿಲು ಹತ್ತಬೇಕು? ಇಸ್ತಾಂಬುಲ್‌ಗೆ ಹೊರಟ ಮೈಸೂರಿನವರಿಗೊಂದು ಹೋಲಿಕೆ

ಮೈಸೂರಿಗೆ ಬಂದ ನೆಂಟರು "ಇಲ್ಲಿ ಒಳ್ಳೆಯ ಹೋಟೆಲ್ ಯಾವುದು?" ಎಂದು ಕೇಳಿದರೆ ನಾವು ತಕ್ಷಣ ಹೆಸರು ಹೇಳುವುದಿಲ್ಲ, "ಏನು ತಿನ್ನಬೇಕು ಅಂತಿದ್ದೀರಿ?" ಎಂದು ಮೊದಲು ಕೇಳುತ್ತೇವೆ. ಬೆಣ್ಣೆ ಹಾಕಿದ ಮೆತ್ತನೆಯ ದೋಸೆಯಾದರೆ ನಜರಬಾದಿನ ಮೈಲಾರಿ, ಮಟನ್ ಪಲಾವ್ ಆದರೆ ಹನುಮಂತು, ಮೈಸೂರು ಪಾಕ್ ಆದರೆ ದೇವರಾಜ ಮಾರುಕಟ್ಟೆಯ ಬಳಿಯ ಗುರು ಸ್ವೀಟ್ಸ್. ಮೈಲಾರಿಗೆ ಹೋಗಿ ಬಿರಿಯಾನಿ ಕೇಳುವವನನ್ನು ಕಂಡರೆ ನಮಗೆ ನಗು ಬರುತ್ತದೆ. ಇಷ್ಟು ತಿಳಿವಳಿಕೆಯುಳ್ಳ ಇದೇ ಜನ ಇಸ್ತಾಂಬುಲ್‌ನಲ್ಲಿ ಇಳಿದ ಕೂಡಲೇ, ನೂರು ಬಗೆಯ ತಿನಿಸುಗಳ ಬಣ್ಣದ ಚಿತ್ರಗಳನ್ನು ತೂಗುಹಾಕಿ, ಬಾಗಿಲಲ್ಲೊಬ್ಬನನ್ನು ನಿಲ್ಲಿಸಿ ಕೈಹಿಡಿದು ಕರೆಸುವ ಹೋಟೆಲಿಗೆ ನುಗ್ಗುತ್ತಾರೆ. ಮೊದಲ ದಿನ ನಾವೂ ಸುಲ್ತಾನ್‌ಅಹ್ಮೆತ್ ಮಸೀದಿಯ ಹತ್ತಿರ ಅಂಥದ್ದೇ ಒಂದು ಜಾಗದಲ್ಲಿ ಕುಳಿತು, ಆರಿದ ಕಬಾಬಿಗೆ ದುಬಾರಿ ಬೆಲೆ ತೆತ್ತು ಎದ್ದು ಬಂದೆವು. ಹೆಸರು ಬೇಡ, ಆ ಬೀದಿಯಲ್ಲಿ ಅಂಥವು ಬೇಕಾದಷ್ಟಿವೆ.

ಆ ಊರಿನಲ್ಲಿ ಎಲ್ಲವನ್ನೂ ಮಾರುವ ಹೋಟೆಲಿಗಿಂತ ಒಂದೇ ಬಗೆಯನ್ನು ನೆಚ್ಚಿಕೊಂಡ ಅಂಗಡಿಗೆ ಹೆಚ್ಚು ಮರ್ಯಾದೆ. ಮನೆಯಡುಗೆಯಂಥ ಊಟಕ್ಕೆ ಲೋಕಾಂತಾ, ಕೆಂಡದ ಮೇಲೆ ಸುಟ್ಟ ಮಾಂಸಕ್ಕೆ ಒಜಾಕ್‌ಬಾಶಿ, ತಿರುಗುವ ಕಂಬಿಯಿಂದ ಕೊಯ್ದು ಕೊಡುವ ಮಾಂಸಕ್ಕೆ ದೋನರ್ ಅಂಗಡಿ, ಸಂಜೆಯ ಕುಡಿತ ಮತ್ತು ಸಣ್ಣ ತಟ್ಟೆಗಳಿಗೆ ಮೇಹಾನೆ, ಹಾಲಿನ ಸಿಹಿಗೆ ಮುಹಲ್ಲೆಬಿಜಿ, ಹೀಗೆ ಪ್ರತಿಯೊಂದಕ್ಕೂ ಬೇರೆ ಬೇರೆ ಬಾಗಿಲು. ಆದ್ದರಿಂದ ಯಾವ ಹೋಟೆಲು ಎಂಬ ಪ್ರಶ್ನೆಗಿಂತ ಮೊದಲು ಯಾವ ಬಗೆಯ ಅಂಗಡಿ ಎಂಬುದನ್ನು, ಅದಕ್ಕೂ ಮೊದಲು ಮೇಜಿಗೆ ಕೂರುವವರು ಯಾರು ಎಂಬುದನ್ನು ನಿರ್ಧರಿಸಿಕೊಳ್ಳಬೇಕು. ನಾವು ಮೂವರಿದ್ದೆವು: ಕುರಿ, ಕೋಳಿ ತಿಂದರೂ ದನದ ಮಾಂಸ ಮುಟ್ಟದ ನಾನು, ಹತ್ತು ವರ್ಷಗಳಿಂದ ಮಾಂಸ ಬಿಟ್ಟಿರುವ ಅಕ್ಕ, ಮಧ್ಯಾಹ್ನ ಮುದ್ದೆಯೋ ಅನ್ನವೋ ಇಲ್ಲದಿದ್ದರೆ ಮುಖ ಸಪ್ಪೆ ಮಾಡಿಕೊಳ್ಳುವ ಮಂಡ್ಯದ ಭಾವ. ನಮ್ಮ ಕಡೆಯ ಬಹುಪಾಲು ತಂಡಗಳು ಹೀಗೆಯೇ ಇರುತ್ತವೆಯಾದ್ದರಿಂದ ಈ ಹೋಲಿಕೆಯನ್ನೂ ಅದೇ ಲೆಕ್ಕದಲ್ಲಿ ಮಾಡಿದ್ದೇನೆ.

ಒಂದೇ ಒಂದು ಊಟಕ್ಕೆ ಸಮಯವಿದ್ದರೆ ಅದು ಮಧ್ಯಾಹ್ನದ ಊಟವಾಗಿರಲಿ, ಅದನ್ನು ಎಸ್ನಾಫ್ ಲೋಕಾಂತಾದಲ್ಲಿ ಮಾಡಿ ಎಂಬುದು ನನ್ನ ತೀರ್ಪು. ಎಸ್ನಾಫ್ ಎಂದರೆ ಅಂಗಡಿಕಾರರು, ಕಸುಬುದಾರರು. ಅವರ ಮಧ್ಯಾಹ್ನದ ಹಸಿವಿಗಾಗಿ ಹುಟ್ಟಿಕೊಂಡ, ನಮ್ಮ ಮೆಸ್ಸುಗಳಿಗೆ ಹತ್ತಿರದ ಜಾಗ ಇದು. ಬೆಳಿಗ್ಗೆಯೇ ಬೇಯಿಸಿದ ಹತ್ತಿಪ್ಪತ್ತು ಬಗೆಗಳನ್ನು ಗಾಜಿನ ಹಿಂದೆ ಬಿಸಿ ಆರದ ತಟ್ಟೆಗಳಲ್ಲಿ ಇಟ್ಟಿರುತ್ತಾರೆ. ಭಾಷೆ ಬಾರದವರಿಗೆ ಇದಕ್ಕಿಂತ ಅನುಕೂಲವಿಲ್ಲ: ಕಂಡದ್ದನ್ನು ಬೆರಳು ತೋರಿಸಿದರೆ ತಟ್ಟೆಗೆ ಬೀಳುತ್ತದೆ. ರಸವಿರುವ ಈ ಅಡುಗೆಗಳಿಗೆ ಅಲ್ಲಿ ಸುಲು ಯೆಮೆಕ್, ಅಂದರೆ ನೀರಿನಂಶವುಳ್ಳ ಊಟ ಎಂಬ ಹೆಸರೇ ಇದೆ, ಮತ್ತು ಅನ್ನದ ಮೇಲೆ ಏನಾದರೂ ಹುಯ್ದುಕೊಂಡು ಉಣ್ಣುವ ನಮ್ಮಂಥವರಿಗೆ ಒಣ ಕಬಾಬಿಗಿಂತ ಇದೇ ಒಗ್ಗುತ್ತದೆ. ಕುರು ಫಸುಲ್ಯೆ ಎಂಬ ಬಿಳಿ ಬೀನ್ಸ್ ಕಾಳಿನ ಟೊಮೆಟೊ ಸಾರನ್ನು ಬೆಣ್ಣೆಯಲ್ಲಿ ಬೇಯಿಸಿದ ಅನ್ನದ ಜೊತೆಗೆ, ಪಕ್ಕದಲ್ಲಿ ಉಪ್ಪಿನಲ್ಲಿ ಹಾಕಿದ ತರಕಾರಿಯೊಂದಿಗೆ ಕೊಟ್ಟಾಗ ಭಾವ ಮೊದಲ ಬಾರಿಗೆ ಬಾಯಿ ತೆರೆದು "ಇದು ಅವರೆಕಾಳು ಸಾರಿನ ದಾಯಾದಿ ಕಣಯ್ಯ" ಎಂದರು. ಈ ಕಾಳಿನ ಸಾರನ್ನೇ ಮಾರುವ ಅಂಗಡಿಗಳ ಒಂದು ಸಾಲು ಸುಲೈಮಾನಿಯೆ ಮಸೀದಿಯ ಎದುರಿಗೇ ಇದೆ.

ಲೋಕಾಂತಾಗಳಲ್ಲಿಯೂ ಆಯ್ಕೆಯಿದೆ. ಏಷ್ಯಾದ ದಡದಲ್ಲಿರುವ ಉಸ್ಕುದಾರದ ಕನಾಅತ್ ಲೋಕಾಂತಾ 1933ರದ್ದು. ಹಳೆಯ ಕಾಲದ ಶಿಸ್ತು, ಕುಟುಂಬಗಳ ನೆರವಿ, ಮದ್ಯವಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗಲು ನಾನು ಇದನ್ನೇ ಆರಿಸುತ್ತೇನೆ. ಬೇಯೊಗ್ಲುವಿನ ಹಾಜಿ ಅಬ್ದುಲ್ಲಾ 1888ರಷ್ಟು ಹಳೆಯದು, ಅರಮನೆಯ ಅಡುಗೆಯ ಸಂಪ್ರದಾಯವನ್ನು ಹೇಳಿಕೊಳ್ಳುತ್ತದೆ, ಕೈ ಸ್ವಲ್ಪ ಬಿಗಿಯಿದ್ದವರಿಗೆ ಅಷ್ಟಾಗಿ ಒಗ್ಗದು. ಇವೆರಡಕ್ಕಿಂತ ಬೇರೆಯಾದದ್ದು ಕಾದಿಕೊಯ್‌ನ ಚಿಯಾ ಸೋಫ್ರಾಸಿ. ಗಾಜಿಅಂತೆಪ್ ಸೀಮೆಯ ಮುಸಾ ದಾಗ್‌ದೆವಿರೆನ್ ಎಂಬ ಬಾಣಸಿಗರು 1987ರಲ್ಲಿ ಇಟ್ಟ ಚಿಯಾ, ಊರೂರು ಅಲೆದು ಕಲೆಹಾಕಿದ ಹಳ್ಳಿಯ ಅಡುಗೆಗಳಿಗೆ ಹೆಸರಾಯಿತು. ಇಸ್ತಾಂಬುಲ್‌ನವರಿಗೂ ಹೊಸದೆನಿಸುವ ಸೊಪ್ಪುಗಳು, ಹುಳಿಯ ಸಾರುಗಳು, ಋತುವಿಗೆ ತಕ್ಕಂತೆ ಬದಲಾಗುವ ಪಾತ್ರೆಗಳು ಅಲ್ಲಿರುತ್ತವೆ. ತಣ್ಣನೆಯ ಪಲ್ಯಗಳನ್ನು ತಟ್ಟೆಗೆ ಹಾಕಿಕೊಂಡು ತೂಕಕ್ಕೆ ಹಣ ಕೊಡಬೇಕು, ಆದ್ದರಿಂದ ಆಸೆಗೆ ಬಿದ್ದು ಗುಡ್ಡೆ ಹಾಕಿಕೊಳ್ಳಬಾರದು. ಸಕ್ಕರೆ ಪಾಕದಲ್ಲಿ ಇಳಿಬಿಟ್ಟ ಎಳೆಯ ಅಕ್ರೋಟು ಮತ್ತು ಆಲಿವ್ ಕಾಯಿಗಳು ಅಲ್ಲಿನ ಸಿಹಿ. ಕಬ್ಬಿನ ಸೀಮೆಯವರಾದ ಭಾವನಿಗೂ ಪಾಕದಲ್ಲಿ ಇಷ್ಟೆಲ್ಲ ಮುಳುಗಿಸಬಹುದೆಂದು ಗೊತ್ತಿರಲಿಲ್ಲ. ಎಮಿನೊನು ದಕ್ಕೆಯಿಂದ ಉಸ್ಕುದಾರ್, ಕಾದಿಕೊಯ್ ಎರಡೂ ಬಡಾವಣೆಗಳಿಗೆ ದೋಣಿಯಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದು, ಮತ್ತು ಆ ಪ್ರಯಾಣವೂ ಊಟದ ಒಂದು ಭಾಗವೆಂದೇ ಎಣಿಸಬೇಕು.

ಲೋಕಾಂತಾದ ಎರಡು ಕೊರತೆಗಳನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮಧ್ಯಾಹ್ನ ಎರಡು ಗಂಟೆಯ ಮೇಲೆ ಹೋದವರಿಗೆ ಒಳ್ಳೆಯ ಪಾತ್ರೆಗಳು ಬರಿದಾಗಿರುತ್ತವೆ. ಮಾರುಕಟ್ಟೆಯನ್ನು ನಂಬಿಕೊಂಡ ಲೋಕಾಂತಾಗಳು ಭಾನುವಾರ ಹೆಚ್ಚಾಗಿ ತೆರೆಯುವುದಿಲ್ಲ, ಏಕೆಂದರೆ ಗ್ರ್ಯಾಂಡ್ ಬಜಾರ್ ಎಂಬ ಮುಚ್ಚುಬಜಾರೇ ಭಾನುವಾರ ರಜೆ. ಸಂಜೆಯ ಹಸಿವಿಗೆ ಇದು ಜಾಗವಲ್ಲ.

ಸಂಜೆಗೆ ಕಬಾಬು. ಆದರೆ ಇಲ್ಲಿ ಒಂದು ಪದವನ್ನು ಮನಸ್ಸಿನಿಂದ ಅಳಿಸಬೇಕು. ಮೈಸೂರಿನಲ್ಲಿ ಕಬಾಬ್ ಎಂದರೆ ಎಣ್ಣೆಯಲ್ಲಿ ಕರಿದ ಕೆಂಪು ಕೋಳಿ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕೃತಕ ಬಣ್ಣವನ್ನು ನಿಷೇಧಿಸಿದ ಮೇಲೆ ಆ ಕೆಂಪು ಸ್ವಲ್ಪ ಇಳಿದಿರಬೇಕು. ಟರ್ಕಿಯ ಕೆಂಡದ ಕಬಾಬಿನಲ್ಲಿ ಬಾಣಲೆಯೇ ಇಲ್ಲ, ಮಸಾಲೆಯ ಹೊದಿಕೆಯೂ ಇಲ್ಲ; ಹೆಚ್ಚಾಗಿ ಮಾಂಸ, ಕೊಬ್ಬು, ಉಪ್ಪು, ಕೆಂಡ, ಅಷ್ಟೆ. ಖಾರವನ್ನು ಹುಡುಕಿಕೊಂಡು ಹೋದವರಿಗೆ ಮೊದಲ ತುತ್ತು ಸಪ್ಪೆಯೆನಿಸಿ, ಮೂರನೆಯ ತುತ್ತಿಗೆ ಮಾಂಸದ ರುಚಿಯೇ ನಾಲಿಗೆಗೆ ಹತ್ತುತ್ತದೆ. ಇದನ್ನು ತಿನ್ನಲು ಒಜಾಕ್‌ಬಾಶಿಯೇ ಸರಿ. ಒಲೆಯ ಪಕ್ಕ ಎಂಬ ಅರ್ಥಕ್ಕೆ ತಕ್ಕಂತೆ ಉದ್ದನೆಯ ಕೆಂಡದ ಒಲೆ, ಅದರ ಮೇಲೆ ತಾಮ್ರದ ಹೊಗೆಗೂಡು, ಸುತ್ತಲೂ ಕುರ್ಚಿಗಳು. ಬಾಣಸಿಗ ನಿಮ್ಮ ಕಣ್ಣೆದುರಿಗೇ ಕಂಬಿ ತಿರುಗಿಸುತ್ತಾನೆ. ಅಲ್ಲಿ ಕೇಳಬೇಕಾದದ್ದು ಅದಾನಾ. ಕುರಿಯ ಮಾಂಸವನ್ನೂ ಬಾಲದ ಕೊಬ್ಬನ್ನೂ ಜಿರ್ಹ್ ಎಂಬ ದೊಡ್ಡ ಬಾಗಿದ ಕತ್ತಿಯಿಂದ ಕೈಯಲ್ಲೇ ಕೊಚ್ಚಿ, ಕೆಂಪು ಮೆಣಸಿನಕಾಯಿ ಬೆರೆಸಿ, ಅಗಲವಾದ ಕಂಬಿಗೆ ಅಂಟಿಸಿ ಸುಡುತ್ತಾರೆ. ಖಾರ ಬೇಡವಾದವರಿಗೆ ಇದರದೇ ಸೌಮ್ಯ ರೂಪವಾದ ಉರ್ಫಾ ಇದೆ. ಜೊತೆಗೆ ಬರುವ ಶಲ್ಗಮ್ ಎಂಬ ನೇರಳೆ ಬಣ್ಣದ ಪಾನೀಯ ಕಪ್ಪು ಕ್ಯಾರೆಟ್ಟನ್ನು ಹುದುಗಿಸಿ ಮಾಡಿದ್ದು, ಉಪ್ಪಿನಕಾಯಿಯ ನೀರನ್ನು ಕುಡಿದಂತಿರುತ್ತದೆ. ಒಗ್ಗದಿದ್ದರೆ ಐರಾನ್ ತರಿಸಿಕೊಳ್ಳಿ. ಅದು ಒಗ್ಗರಣೆ, ಶುಂಠಿ, ಕರಿಬೇವು ಯಾವುದೂ ಇಲ್ಲದ ಉಪ್ಪುಮಜ್ಜಿಗೆ.

ದನದ ಮಾಂಸ ಬೇಡವೆನ್ನುವವರಿಗೆ ಕಬಾಬಿನ ಅಂಗಡಿ ಮತ್ತು ದೋನರ್ ಅಂಗಡಿಯ ನಡುವಿನ ಆಯ್ಕೆ ಇಲ್ಲಿಯೇ ಮುಗಿದುಹೋಗುತ್ತದೆ. ದೋನರ್ ಸಾಮಾನ್ಯವಾಗಿ ದನದ ಮಾಂಸದ್ದು ಅಥವಾ ಕುರಿಯೊಡನೆ ಬೆರೆಸಿದ್ದು, ಕೊಫ್ತೆ ಎಂಬ ಮಾಂಸದುಂಡೆಯೂ ಹಾಗೆಯೇ. 1920ರಿಂದ ಹೆಸರು ಮಾಡಿರುವ ಸುಲ್ತಾನ್‌ಅಹ್ಮೆತ್ ಕೊಫ್ತೆಯ ಅಂಗಡಿ ಹಾದಿಯಲ್ಲೇ ಸಿಕ್ಕಿದರೂ ನಾನು ಹೊರಗಿನಿಂದಲೇ ನೋಡಿ ಬಂದೆ. ಕುಜು ಎಂದರೆ ಕುರಿಮರಿ, ದಾನಾ ಎಂದರೆ ಎಳೆಯ ದನ, ಸಿಗಿರ್ ಎಂದರೆ ದನ, ತವುಕ್ ಎಂದರೆ ಕೋಳಿ. ಈ ನಾಲ್ಕು ಪದಗಳನ್ನು ಬಾಯಿಪಾಠ ಮಾಡಿಕೊಂಡರೆ ಸಾಕು. ಅಂಥ ನಿರ್ಬಂಧವಿಲ್ಲದವರು ದೋನರನ್ನು ಮಧ್ಯಾಹ್ನವೇ ತಿನ್ನಬೇಕು. ಒಳ್ಳೆಯ ಅಂಗಡಿಯ ಕಂಬಿ ಬೆಳಿಗ್ಗೆ ತುಂಬಿ, ಸಂಜೆಯ ಹೊತ್ತಿಗೆ ಬರಿದಾಗಿರುತ್ತದೆ. ರಾತ್ರಿ ಹತ್ತಕ್ಕೂ ಆನೆಯ ಕಾಲಿನಂತೆ ನಿಂತು ತಿರುಗುತ್ತಿರುವುದನ್ನು ಕಂಡರೆ ಮುಂದೆ ಹೋಗುವುದೇ ಲೇಸು. ತೆಳುವಾಗಿ ಕೊಯ್ದ ಮಾಂಸದ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದ ದೋನರಿನ ಅಂಚು ಒರಟೊರಟಾಗಿರುತ್ತದೆ, ಅರೆದ ಮಾಂಸದ್ದು ಕಂಬದಂತೆ ನುಣುಪಾಗಿರುತ್ತದೆ. ಮೊದಲನೆಯದನ್ನೇ ಆರಿಸಿ. ಬುರ್ಸಾ ಪಟ್ಟಣದಲ್ಲಿ 19ನೆಯ ಶತಮಾನದಲ್ಲಿ ಹುಟ್ಟಿದ ಇಸ್ಕೆಂದರ್ ಎಂಬ ಬಗೆಯಲ್ಲಿ ಇದನ್ನೇ ರೊಟ್ಟಿಯ ತುಂಡುಗಳ ಮೇಲೆ ಹರಡಿ, ಟೊಮೆಟೊ ರಸವನ್ನೂ ಕಾಯಿಸಿದ ಬೆಣ್ಣೆಯನ್ನೂ ಸುರಿದು, ಪಕ್ಕದಲ್ಲಿ ಗಟ್ಟಿ ಮೊಸರು ಇಟ್ಟು ಕೊಡುತ್ತಾರೆ.

ಬಿರಿಯಾನಿಯ ಊರಿನವರು ತಪ್ಪಿಸಿಕೊಳ್ಳಬಾರದ ಇನ್ನೊಂದು ಜಾಗವಿದೆ, ಪ್ರವಾಸದ ತಂಡಗಳು ಅತ್ತ ಸುಳಿಯುವುದೇ ಅಪರೂಪ. ಫಾತಿಹ್ ಬಡಾವಣೆಯಲ್ಲಿ ರೋಮನ್ನರ ಕಾಲದ ಮೇಲ್ಗಾಲುವೆಯ ಮಗ್ಗುಲಿಗೆ ಕಾದಿನ್‌ಲಾರ್ ಪಜಾರಿ, ಅಂದರೆ ಹೆಂಗಸರ ಸಂತೆ ಎಂಬ ಚೌಕವಿದ್ದು, ಆಗ್ನೇಯ ಟರ್ಕಿಯ ಸಿಯಿರ್ತ್ ಕಡೆಯಿಂದ ವಲಸೆ ಬಂದವರು ಅಲ್ಲಿ ಬ್ಯುರ್ಯಾನ್ ಅಂಗಡಿಗಳನ್ನು ಇಟ್ಟಿದ್ದಾರೆ. ಹೆಸರು ಪಾರ್ಸಿಯ ಅದೇ ಬೇರಿನಿಂದ ಬಂದಿದ್ದರೂ ಇದರಲ್ಲಿ ಅಕ್ಕಿಯೇ ಇಲ್ಲ: ಆಳವಾದ ಗುಂಡಿಯಲ್ಲಿ ಕೆಂಡ ಮಾಡಿ, ಕುರಿಯನ್ನು ಅದರ ಮೇಲೆ ತೂಗುಹಾಕಿ, ಬಾಯಿ ಮುಚ್ಚಿ ಬೇಯಿಸಿ, ಬಿಸಿ ರೊಟ್ಟಿಯ ಮೇಲೆ ಕತ್ತರಿಸಿ ಹಾಕಿ ಕೊಡುತ್ತಾರೆ. ಅಕ್ಕಿ ಬೇಕೆನ್ನುವವರಿಗೆ ಪೆರ್ದೆ ಪಿಲಾವಿ ಇದೆ. ಕೋಳಿ, ಬಾದಾಮಿ ಬೆರೆಸಿದ ಅನ್ನವನ್ನು ಹಿಟ್ಟಿನ ಹೊದಿಕೆಯೊಳಗೆ ಮುಚ್ಚಿ ಬೇಯಿಸಿದ್ದು. ಪೆರ್ದೆ ಎಂದರೆ ಪರದೆ, ಪಿಲಾವ್ ಎಂದರೆ ಪಲಾವ್, ಕೀಮಾ ಎಂಬ ನಮ್ಮ ಪದವಂತೂ ಆ ಕಡೆಯದೇ. ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ 1786ರಲ್ಲಿ ಆಟೊಮನ್ ದೊರೆಯ ಬಳಿಗೆ ಕಳುಹಿಸಿದ ರಾಯಭಾರಿಗಳ ತಂಡ ಇಸ್ತಾಂಬುಲ್ ಸೇರಿದಾಗ, ಬೇರೆಲ್ಲ ಮಾತಿಗೆ ದುಭಾಷಿ ಬೇಕಾದರೂ ಊಟದ ಹೊತ್ತಿಗೆ ಅಷ್ಟಾಗಿ ತೊಡಕಾಗಿರಲಾರದು ಎಂದು ನನಗೆ ಅಲ್ಲಿ ಕುಳಿತಾಗ ಅನಿಸಿತು.

ಸಸ್ಯಾಹಾರಿಗಳ ವಿಷಯಕ್ಕೆ ಬಂದರೆ, ಟರ್ಕಿಯಲ್ಲಿ ಅವರಿಗೆ ಏನೂ ಸಿಗುವುದಿಲ್ಲ ಎಂಬ ಮಾತು ಸುಳ್ಳು, ಎಲ್ಲ ಕಡೆಯೂ ಸಿಗುತ್ತದೆ ಎಂಬುದೂ ಸುಳ್ಳು. ಮೊದಲ ತೊಡಕು ಪದದ್ದು. ಎತ್ ಎಂದರೆ ಅಲ್ಲಿನವರ ಮನಸ್ಸಿನಲ್ಲಿ ಕುರಿ, ದನ ಮಾತ್ರ. "ಎತ್ ಬೇಡ" ಎಂದ ಅಕ್ಕನಿಗೆ ಒಬ್ಬ ಮಾಣಿ ಬಹಳ ಪ್ರೀತಿಯಿಂದ ಕೋಳಿಯ ತಟ್ಟೆ ತಂದಿಟ್ಟ. ಆದ್ದರಿಂದ ಎತ್, ತವುಕ್, ಬಾಲಿಕ್, ಅಂದರೆ ಮಾಂಸ, ಕೋಳಿ, ಮೀನು, ಮೂರನ್ನೂ ಹೆಸರಿಸಿ ಬೇಡವೆನ್ನಬೇಕು. ಎರಡನೆಯದು ಎತ್ ಸುಯು ಎಂಬ ಮೂಳೆಯ ಸಾರು: ಕೆಂಪು ಬೇಳೆಯ ಮೆರ್ಜಿಮೆಕ್ ಸೂಪು ನೋಡಲು ನಮ್ಮ ತೊವ್ವೆಯಂತಿದ್ದರೂ, ಕಾಳಿನ ಸಾರಿನಲ್ಲಿ ತುಂಡುಗಳು ಕಾಣದಿದ್ದರೂ, ಕೆಲವು ಅಂಗಡಿಗಳಲ್ಲಿ ನೀರಿನ ಬದಲು ಇದನ್ನು ಹಾಕಿರುತ್ತಾರೆ. ಕೇಳಿಯೇ ತಿನ್ನಬೇಕು. ಭಯವಿಲ್ಲದೆ ತಿನ್ನಬಹುದಾದದ್ದು ಜೇಯ್ತಿನ್‌ಯಾಲಿ ಎಂಬ ವರ್ಗ. ಆಲಿವ್ ಎಣ್ಣೆಯಲ್ಲಿ ತರಕಾರಿಯನ್ನು ಮೆಲ್ಲಗೆ ಬೇಯಿಸಿ, ಆರಿಸಿ ಬಡಿಸುವ ಅಡುಗೆಗಳಿವು. ಇಡೀ ಬದನೆಕಾಯಿಗೆ ಈರುಳ್ಳಿ, ಟೊಮೆಟೊ ತುಂಬಿದ ಇಮಾಮ್ ಬಾಯಿಲ್ದಿ ಇದರ ರಾಜ. ಎಣ್ಣೆಗಾಯಿಯ ಖಾರ ಇಲ್ಲದಿದ್ದರೂ ನಮ್ಮವರಿಗೆ ನೆಂಟಸ್ತಿಕೆ ತಟ್ಟನೆ ತಿಳಿಯುತ್ತದೆ. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೊಲ್ಮಾದಲ್ಲಿ ಮಾಂಸವಿಲ್ಲದ್ದಕ್ಕೆ ಯಲಾಂಜಿ, ಅಂದರೆ ಸುಳ್ಳುಗಾರ ಎಂದು ಹೆಸರು. ಸಸ್ಯಾಹಾರಿಗಳು ಹುಡುಕಬೇಕಾದದ್ದು ಈ ಸುಳ್ಳುಗಾರನನ್ನೇ.

ವಿಚಿತ್ರವೆಂದರೆ ಇಂಥ ತಟ್ಟೆಗಳು ಅತಿ ಹೆಚ್ಚಾಗಿ ಸಿಗುವುದು ನಮ್ಮ ಅಕ್ಕಂದಿರು ಹೆಸರು ಕೇಳಿಯೇ ಹಿಂಜರಿಯುವ ಮೇಹಾನೆಯಲ್ಲಿ. ನೀರು ಬೆರೆಸಿದರೆ ಹಾಲಿನಂತೆ ಬೆಳ್ಳಗಾಗುವ ರಾಕಿ ಎಂಬ ಮದ್ಯವನ್ನು ಮುಂದಿಟ್ಟುಕೊಂಡು ಮೂರು ಗಂಟೆ ಹರಟುವ ಜಾಗ ಅದು. ಆದರೆ ಆ ಹರಟೆಗೆ ಜೊತೆಯಾಗಿ ಮಾಣಿ ದೊಡ್ಡ ಹರಿವಾಣದಲ್ಲಿ ಹೊತ್ತು ತರುವ ಮೆಜೆ ಎಂಬ ಸಣ್ಣ ತಟ್ಟೆಗಳಲ್ಲಿ ಅರ್ಧಕ್ಕೂ ಹೆಚ್ಚು ಮಾಂಸವಿಲ್ಲದವು: ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ಸೊಪ್ಪು, ಬೆಳ್ಳುಳ್ಳಿ ಬೆರೆಸಿದ ಹಾಯ್ದಾರಿ, ಸುಟ್ಟ ಬದನೆಕಾಯಿಯ ಗೊಜ್ಜು, ಬೇಯಿಸಿದ ಅಲಸಂದೆ ಕಾಳಿನ ಕೋಸಂಬರಿ, ಖಾರದ ಟೊಮೆಟೊ ಚಟ್ನಿಯಂಥ ಎಜ್ಮೆ. ಕುಡಿಯದಿದ್ದರೂ ಯಾರೂ ಏಳಿಸುವುದಿಲ್ಲ. ಬೇಯೊಗ್ಲುವಿನ ನೆವಿಜಾದೆ ಬೀದಿಯಲ್ಲಿ ಗದ್ದಲ ಹೆಚ್ಚು. ಕುಟುಂಬದವರು ಸಂಜೆ ಬೇಗ ಹೋಗಿ, ಮೆಜೆ ತಿಂದು, ಗದ್ದಲ ಏರುವ ಮೊದಲು ಎದ್ದುಬಿಡಬಹುದು. ಮೀನು ಆರಿಸಿದರೆ ಮಾತ್ರ ಒಲೆಗೆ ಹೋಗುವ ಮುನ್ನ ತೂಕವನ್ನೂ ಬೆಲೆಯನ್ನೂ ಬಾಯಿಬಿಟ್ಟು ಕೇಳಬೇಕು. ಲೋಕಾಂತಾಕ್ಕೆ ಹೋಲಿಸಿದರೆ ಖರ್ಚು ಖಂಡಿತ ಹೆಚ್ಚು, ಆದರೆ ಅಕ್ಕ ಹೊಟ್ಟೆ ತುಂಬ ಉಂಡದ್ದು ಅಲ್ಲಿಯೇ. ಅದಲ್ಲದಿದ್ದರೆ ಬೆಳಗಿನ ತಿಂಡಿಯನ್ನೇ ಊಟ ಮಾಡಿಕೊಳ್ಳುವುದು ಎರಡನೆಯ ದಾರಿ: ಹತ್ತಾರು ಸಣ್ಣ ತಟ್ಟೆಗಳಲ್ಲಿ ಚೀಸ್, ಆಲಿವ್, ಜೇನು ಹಾಕಿದ ಕೆನೆ, ಹಣ್ಣಿನ ಜಾಮು, ಮೊಟ್ಟೆ ತಿನ್ನುವವರಿಗೆ ಟೊಮೆಟೊ ಬೆರೆಸಿದ ಮೆನೆಮೆನ್. ಬೆಶಿಕ್ತಾಶ್‌ನಲ್ಲಿ ಇದಕ್ಕೆಂದೇ ಒಂದು ಓಣಿಯಿದೆ.

ಪಿದೆ ಮತ್ತು ಲಹ್ಮಾಜುನ್ ಅಂಗಡಿಗಳನ್ನು ಕೈಯಲ್ಲಿ ಸಮಯವೂ ಹಣವೂ ಕಡಿಮೆಯಿದ್ದಾಗ ನೆನೆಯಬೇಕು. ದೋಣಿಯಾಕಾರದ ರೊಟ್ಟಿಯಾದ ಪಿದೆ ಚೀಸಿನದ್ದೂ ಸಿಗುತ್ತದೆ. ತೆಳುವಾದ ರೊಟ್ಟಿಯಾದ ಲಹ್ಮಾಜುನ್‌ನಲ್ಲಿ ಮಾಂಸ ಇದ್ದೇ ಇರುತ್ತದೆ.

ಸಿಹಿಗೆ ಬಕ್ಲಾವಾ ಅಂಗಡಿಯೋ ಮುಹಲ್ಲೆಬಿಜಿಯೋ ಎಂಬ ಪ್ರಶ್ನೆಯಲ್ಲಿ ನಾನು ಬಕ್ಲಾವಾದ ಪಕ್ಷ. 1949ರಲ್ಲಿ ಆರಂಭವಾದ ಕರಾಕೊಯ್ ಗುಲ್ಲುಒಗ್ಲುವಿನಲ್ಲಿ ನಿಂತುಕೊಂಡೇ ತಿನ್ನುವವರ ಸಾಲು ಕಾಣಬಹುದು. ಮೈಸೂರು ಪಾಕ್‌ನಂತೆ ಇದರ ಮಾನವೂ ತುಪ್ಪದಲ್ಲಿದೆ. ಹಿಟ್ಟಿನ ತೆಳು ಹಾಳೆಗಳು ಹಲ್ಲಿಗೆ ಸಿಕ್ಕಾಗ ಗರಿಗರಿ ಸದ್ದು ಬರಬೇಕು, ತಟ್ಟೆಯಲ್ಲಿ ಪಾಕ ಕೊಳದಂತೆ ನಿಂತಿರಬಾರದು. ಗಾಜಿಅಂತೆಪ್‌ನ ಬಕ್ಲಾವಾಕ್ಕೆ 2013ರಲ್ಲಿ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಮಾನ್ಯತೆ ದೊರೆತಿದೆ. ಮುಹಲ್ಲೆಬಿಜಿಯಲ್ಲಿ ಒಲೆಯಲ್ಲಿ ಮೇಲ್ಮೈ ಕಂದಿಸಿದ ಅನ್ನದ ಪಾಯಸವಾದ ಸುತ್ಲಾಚ್ ಸೊಗಸಾಗಿರುತ್ತದೆ, ಆದರೆ ಸಸ್ಯಾಹಾರಿಗಳಿಗೆ ಅಲ್ಲೊಂದು ಬಲೆಯಿದೆ. ತವುಕ್ ಗೊಯ್ಸು ಎಂಬ ಬೆಳ್ಳನೆಯ ಹಾಲಿನ ಸಿಹಿಯಲ್ಲಿ ಎಳೆ ಎಳೆಯಾಗಿ ಬಿಡಿಸಿದ ಕೋಳಿಯ ಎದೆಮಾಂಸವಿರುತ್ತದೆ, ತಳ ಹಿಡಿಸಿದ ಕಜಾನ್‌ದಿಬಿಯೂ ಎಷ್ಟೋ ಕಡೆ ಅದರಿಂದಲೇ ಆಗಿರುತ್ತದೆ. ನೋಡಿದರೆ ಯಾರಿಗೂ ಗೊತ್ತಾಗದು. 1777ರಿಂದ ನಡೆದುಬಂದ ಹಾಜಿ ಬೆಕಿರ್ ಅಂಗಡಿಯ ಲೊಕುಮ್ ಮಾತ್ರ ನಿರಾತಂಕ, ಅದು ಪಿಷ್ಟ ಮತ್ತು ಸಕ್ಕರೆಯ ಕೂಡಿಕೆ. ಕಾಫಿಯನ್ನು ಕೇಳುವಾಗಲೇ ಸಕ್ಕರೆಯ ಪ್ರಮಾಣ ಹೇಳಿಬಿಡಬೇಕು, ಏಕೆಂದರೆ ಪುಡಿ, ಸಕ್ಕರೆ, ನೀರು ಒಟ್ಟಿಗೆ ಕುದಿಯುತ್ತವೆ. ಸೋಸದ ಕಾಫಿಯಾದ್ದರಿಂದ ಗಷ್ಟು ತಳದಲ್ಲಿ ಉಳಿಯುತ್ತದೆ, ಡಿಕಾಕ್ಷನ್ನಿನ ಅಭ್ಯಾಸದಲ್ಲಿ ಕೊನೆಯ ಗುಟುಕನ್ನು ಎತ್ತಿದವರು ಪಶ್ಚಾತ್ತಾಪ ಪಡುತ್ತಾರೆ.

ಮಕ್ಕಳು ಲಂಡನ್ನಿನಲ್ಲಿದ್ದು ಅಲ್ಲಿಗೆ ಹೋಗುವವರು ಹ್ಯಾರಿಂಗೇ ಭಾಗದ ಗ್ರೀನ್ ಲೇನ್ಸ್ ರಸ್ತೆಯಲ್ಲಿಯೋ ಡಾಲ್‌ಸ್ಟನ್‌ನಲ್ಲಿಯೋ ಒಜಾಕ್‌ಬಾಶಿಗಳನ್ನು ಸಾಲಾಗಿ ಕಾಣಬಹುದು. ಕೆಂಡದ ಕಬಾಬಿಗೆ ಇಸ್ತಾಂಬುಲ್ ಬಿಟ್ಟರೆ ನಾನು ಹೇಳುವುದು ಅದನ್ನೇ. ಬರ್ಲಿನ್‌ನಲ್ಲಿ ರೊಟ್ಟಿಯೊಳಗೆ ತುರುಕಿದ ದೋನರ್ ಬೇರೆಯೇ ತಿನಿಸು, ಸಾಸ್ ಹೆಚ್ಚು, ಹೊಟ್ಟೆ ಬೇಗ ತುಂಬುವ ಲೆಕ್ಕ.

ವಿಮಾನ ಹತ್ತದವರಿಗೆ ಉಳಿಯುವುದು ಬೆಂಗಳೂರು ಮತ್ತು ಮೈಸೂರು. ಮೈಸೂರಿನ ಬೀದಿಗಳಲ್ಲಿ ಸಿಗುವ ಶವರ್ಮಾದ ಹೆಸರು ತಿರುಗಿಸು ಎಂಬ ಟರ್ಕಿಯ ಪದದಿಂದಲೇ ಬಂದಿದ್ದರೂ, ಅದು ಅರಬರ ಕೈಯಲ್ಲಿ ಬೆಳೆದು, ಕೊಲ್ಲಿಯ ದೇಶಗಳನ್ನು ಹಾದು, ಮೇಯನೇಸ್ ಬಳಿದುಕೊಂಡು ಇಲ್ಲಿಗೆ ತಲುಪಿದ ತಿನಿಸು. ಅದನ್ನು ಅದರ ಪಾಡಿಗೆ ಮೆಚ್ಚಬಹುದು, ಟರ್ಕಿಯದೆಂದು ಎಣಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ ಟರ್ಕಿಯ ಹೆಸರಿನ ಫಲಕಗಳುಂಟು. ಸುಮಾರು 145 ಕಿಲೋಮೀಟರ್ ಹೋಗುವ ಮುನ್ನ ಅವರ ತಿನಿಸುಗಳ ಪಟ್ಟಿಯನ್ನು ಫೋನಿನಲ್ಲಿ ಓದಿಕೊಳ್ಳುವುದು ಒಳ್ಳೆಯದು. ಹುಮ್ಮುಸ್, ಫಲಾಫೆಲ್, ಕಬ್ಸಾ ಮೇಲಿನ ಸಾಲುಗಳಲ್ಲಿದ್ದರೆ ಅದು ಅರಬ್ ಹೋಟೆಲು, ಚೆನ್ನಾಗಿಯೇ ಇರಬಹುದು, ಆದರೆ ನೀವು ಹುಡುಕುವುದು ಅದಲ್ಲ. ಪಿದೆ, ಮೆರ್ಜಿಮೆಕ್ ಸೂಪು, ಅದಾನಾ, ಜೇಯ್ತಿನ್‌ಯಾಲಿ ಪಟ್ಟಿಯಲ್ಲಿದ್ದರೆ ಹೊರಡಿ. ಹೋಗಿ ಕುಳಿತ ಮೇಲೆ ಮೊದಲು ಒಂದು ಐರಾನ್ ಮಾತ್ರ ತರಿಸಿ ನೋಡುವುದು ನನ್ನ ರೂಢಿ. ಸಕ್ಕರೆ ಹಾಕಿದ ಲಸ್ಸಿಯನ್ನು ಅದೇ ಹೆಸರಿನಲ್ಲಿ ತಂದಿಟ್ಟ ಒಂದು ಕಡೆ ನಾವು ಅದನ್ನಷ್ಟೇ ಕುಡಿದು ಎದ್ದೆವು. ಭಾವ ಮದ್ದೂರಿನಲ್ಲಿ ಕಾರು ನಿಲ್ಲಿಸಿ ಎಲ್ಲರಿಗೂ ವಡೆ ಕೊಡಿಸಿದರು.